ಲಿನಕ್ಸ್ ಸರ್ವರ್‌ನಲ್ಲಿ ಕನ್ನಡ ಜಾಲತಾಣ: ವಿಷಯ ನಿರ್ವಹಣಾ ವ್ಯವಸ್ಥೆಯ ಸ್ಥಾಪನೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ, ತುಂಗಭದ್ರಾ ತೀರದ ಗ್ರಾಮ. ‘ವಿಜಯವಿಠಲ’ ಅಂಕಿತದ ವಿಜಯದಾಸರ (1682–1755) ಹುಟ್ಟೂರು. ಅವರ ಶಿಷ್ಯ ಗೋಪಾಲದಾಸರು ಇದೇ ಜಿಲ್ಲೆಯ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದ್ದವರು. ಬಾಯಿಂದ ಬಾಯಿಗೆ, ಓಲೆಯಿಂದ ಕಾಗದಕ್ಕೆ ಬಂದ ಈ ಸಾಹಿತ್ಯ ಈಗ ಗಣಕಯಂತ್ರದ ಪರದೆಯನ್ನು ಸೇರುತ್ತಿದೆ. ಆದರೆ ಗಣಕಕ್ಕೆ ಏರಿದ ಮಾತ್ರಕ್ಕೆ ಪಠ್ಯ ಉಳಿಯಿತು ಎನ್ನಲಾಗದು. ಓಲೆಗರಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಸರ್ವರ್‌ನಲ್ಲಿ ಅಕ್ಷರ ಕೆಟ್ಟರೆ ಅದು ಗೊತ್ತಾಗುವುದು ಯಾರಾದರೂ ಆ ಪುಟವನ್ನು ತೆರೆದಾಗ ಮಾತ್ರ.

ಇಂಥ ಒಂದು ತಾಣವನ್ನು ಲಿನಕ್ಸ್ ಸರ್ವರ್‌ನಲ್ಲಿ ಹೇಗೆ ಸ್ಥಾಪಿಸಬೇಕು, ಕನ್ನಡಕ್ಕೆ ವಿಶೇಷವಾಗಿ ಎಲ್ಲೆಲ್ಲಿ ಎಚ್ಚರ ವಹಿಸಬೇಕು ಎಂಬುದರ ವಿವರ ಇಲ್ಲಿದೆ. ಚೀಕಲಪರ್ವಿಯ ದಾಸ ಸಾಹಿತ್ಯದ ತಾಣವೊಂದನ್ನು ರೂಪಿಸುವುದಾದರೆ ಎಂಬ ಊಹೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಏನಿದು ಸಿಎಂಎಸ್?

ಪುಟವಿನ್ಯಾಸವನ್ನೂ ಪಠ್ಯವನ್ನೂ ಬೇರೆಬೇರೆಯಾಗಿಟ್ಟು, ಸಂಕೇತಭಾಷೆ ತಿಳಿಯದವರೂ ಲೇಖನ ಸೇರಿಸಲು, ತಿದ್ದಲು, ಪ್ರಕಟಿಸಲು ಅನುವು ಮಾಡಿಕೊಡುವ ತಂತ್ರಾಂಶವೇ ವಿಷಯ ನಿರ್ವಹಣಾ ವ್ಯವಸ್ಥೆ. ಅಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಸಂಕ್ಷಿಪ್ತವಾಗಿ ಸಿಎಂಎಸ್. ಪಠ್ಯವೆಲ್ಲ ದತ್ತಸಂಚಯದಲ್ಲಿರುತ್ತದೆ. ಓದುಗರು ಪುಟವನ್ನು ಕೇಳಿದಾಗ ತಂತ್ರಾಂಶವು ಪಠ್ಯವನ್ನು ತೆಗೆದು, ವಿನ್ಯಾಸಕ್ಕೆ ಹೊಂದಿಸಿ ಕಳುಹಿಸುತ್ತದೆ.

ಈ ವರ್ಗದ ಮುಕ್ತ ತಂತ್ರಾಂಶಗಳಲ್ಲಿ ದ್ರುಪಾಲ್ 2001ರಲ್ಲಿಯೂ ವರ್ಡ್‌ಪ್ರೆಸ್ 2003ರಲ್ಲಿಯೂ ಬಂದವು. 2005ರಲ್ಲಿ ಮ್ಯಾಂಬೊದಿಂದ ಕವಲೊಡೆದು ಜೂಮ್ಲಾ ಹುಟ್ಟಿತು. ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿಯೂ ಇದೇ ಕಾಲದ್ದು. ಕನ್ನಡಕ್ಕೆ ಇವು ಹೊಸತಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿಯಿಂದ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಸಮುದಾಯ ತಾಣಕ್ಕೆ ದ್ರುಪಾಲ್ ಆಧಾರವಾಗಿತ್ತು. ಯೂನಿಕೋಡ್ ಬಳಕೆ ಇನ್ನೂ ರೂಢಿಯಾಗಿರದ ಆ ದಿನಗಳಲ್ಲಿ ನೂರಾರು ಕನ್ನಡಿಗರು ಅಂತರಜಾಲದಲ್ಲಿ ಕನ್ನಡ ಬರೆಯಲು ಕಲಿತದ್ದು ಇಂಥ ತಾಣಗಳಲ್ಲಿ.

ಯಾವುದನ್ನು ಆರಿಸಬೇಕು?

ಸುದ್ದಿ, ಲೇಖನ, ಚಿತ್ರಗಳಷ್ಟೇ ಇರುವ ಚಿಕ್ಕ ತಾಣಕ್ಕೆ ವರ್ಡ್‌ಪ್ರೆಸ್ ಸುಲಭ. ಅನೇಕರು ಸೇರಿ ಪಠ್ಯ ತಿದ್ದುವುದಿದ್ದು, ಪ್ರತಿ ತಿದ್ದುಪಡಿಯ ಇತಿಹಾಸ ಮುಖ್ಯವಾದರೆ ಮೀಡಿಯಾವಿಕಿ ಸೂಕ್ತ. ಪಠ್ಯವನ್ನು ಹಲವು ಅಂಶಗಳಾಗಿ ವಿಂಗಡಿಸಿ ಹುಡುಕಬೇಕಾದಲ್ಲಿ ದ್ರುಪಾಲ್ ಹೆಚ್ಚು ಒಗ್ಗುತ್ತದೆ.

ದಾಸ ಸಾಹಿತ್ಯ ಈ ಮೂರನೆಯ ಬಗೆಯದು. ಕೀರ್ತನೆ, ಸುಳಾದಿ, ಉಗಾಭೋಗ ಎಂಬ ಪ್ರಕಾರ, ಅಂಕಿತ, ರಾಗ, ತಾಳ, ಹೀಗೆ ಪ್ರತಿ ರಚನೆಗೂ ಹಲವು ಗುರುತುಗಳಿವೆ. ಕೀರ್ತನೆಗೆ ಸಾಮಾನ್ಯವಾಗಿ ಒಂದೇ ತಾಳ. ಸುಳಾದಿಯಲ್ಲಿ ನುಡಿಯಿಂದ ನುಡಿಗೆ ತಾಳ ಬದಲಾಗುತ್ತದೆ, ಕೊನೆಯಲ್ಲಿ ‘ಜತೆ’ ಇರುತ್ತದೆ. ಆದ್ದರಿಂದ ತಾಳದ ಅಂಕಣ ಒಂದೇ ಮೌಲ್ಯವನ್ನು ಸ್ವೀಕರಿಸುವಂತಿದ್ದರೆ ಸುಳಾದಿಗಳನ್ನು ಸೇರಿಸುವಾಗಲೇ ವ್ಯವಸ್ಥೆ ಮುಗ್ಗರಿಸುತ್ತದೆ. ಇದನ್ನು ಸ್ಥಾಪನೆಗೆ ಮುನ್ನವೇ ಕಾಗದದ ಮೇಲೆ ಬರೆದು ನಿರ್ಧರಿಸುವುದು ಕ್ಷೇಮ; ಸಾವಿರ ಹಾಡು ಏರಿಸಿದ ಬಳಿಕ ಅಂಕಣ ಬದಲಿಸುವುದು ಬಹು ಪ್ರಯಾಸದ ಕೆಲಸ.

ಸರ್ವರ್ ಸಿದ್ಧತೆ

ಲಿನಕ್ಸ್, ಅಪಾಚೆ, ಮೈಎಸ್‌ಕ್ಯುಎಲ್, ಪಿಎಚ್‌ಪಿ ಎಂಬ ನಾಲ್ಕರ ಕೂಟಕ್ಕೆ ‘ಲ್ಯಾಂಪ್’ ಎಂದು ಹೆಸರು. ಇಂದು ಅಪಾಚೆಯ ಬದಲು ಎಂಜಿನ್‌ಎಕ್ಸ್, ಮೈಎಸ್‌ಕ್ಯುಎಲ್ ಬದಲು ಅದರಿಂದಲೇ 2009ರಲ್ಲಿ ಕವಲೊಡೆದ ಮರಿಯಾಡಿಬಿ ಬಳಸುವವರೂ ಅನೇಕರಿದ್ದಾರೆ.

ಲಿನಕ್ಸ್ ಆವೃತ್ತಿಯ ಆಯ್ಕೆಯಲ್ಲಿ ಹೊಸತನಕ್ಕಿಂತ ಬಾಳಿಕೆ ಮುಖ್ಯ. ಡೆಬಿಯನ್‌ನ ಸ್ಥಿರ ಆವೃತ್ತಿ ಇಲ್ಲವೇ ಎರಡು ವರ್ಷಕ್ಕೊಮ್ಮೆ ಬರುವ, ಐದು ವರ್ಷ ಸುರಕ್ಷತಾ ಪರಿಷ್ಕರಣೆ ದೊರೆಯುವ ಉಬುಂಟು ದೀರ್ಘಾವಧಿ ಆವೃತ್ತಿ ಈ ಕೆಲಸಕ್ಕೆ ಯೋಗ್ಯ. ಒಂದು ಕಾಲಕ್ಕೆ ಸರ್ವರ್‌ಗಳಲ್ಲಿ ವ್ಯಾಪಕವಾಗಿದ್ದ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್‌ನಲ್ಲಿ ಮುಗಿಯಿತು. ಪಿಎಚ್‌ಪಿ 7.4ರ ಬೆಂಬಲ 2022ರ ನವೆಂಬರ್‌ನಲ್ಲಿ, ದ್ರುಪಾಲ್ 7ರದು 2025ರ ಜನವರಿಯಲ್ಲಿ ಕೊನೆಗೊಂಡಿತು. ಇವುಗಳ ಮೇಲೆ ನಿಂತಿರುವ ತಾಣ ಇಂದು ತೆರೆದುಕೊಳ್ಳಬಹುದು. ಹೊಸದಾಗಿ ಬಯಲಾಗುವ ದೋಷಗಳಿಗೆ ಮಾತ್ರ ಅಧಿಕೃತ ಪರಿಹಾರ ಬಾರದು.

ಸ್ಥಾಪನೆಯ ಹಂತಗಳು

1. ಸರ್ವರ್ ಕೈಗೆ ಬಂದೊಡನೆ ಎಲ್ಲ ಪ್ಯಾಕೇಜ್‌ಗಳನ್ನು ಪರಿಷ್ಕರಿಸಬೇಕು. ‘ರೂಟ್’ ಖಾತೆಯಿಂದ ನೇರ ಪ್ರವೇಶವನ್ನು ಮುಚ್ಚಿ, ಬೇರೆ ಬಳಕೆದಾರರನ್ನು ಸೃಷ್ಟಿಸಿ, ಗುಪ್ತಪದದ ಬದಲು ಎಸ್‌ಎಸ್‌ಎಚ್ ಕೀಲಿಯಿಂದ ಪ್ರವೇಶಿಸುವ ವ್ಯವಸ್ಥೆ ಮಾಡಬೇಕು. ಫೈರ್‌ವಾಲ್‌ನಲ್ಲಿ 22, 80, 443 ಈ ಮೂರು ದ್ವಾರಗಳನ್ನು ಮಾತ್ರ ತೆರೆದಿಟ್ಟರೆ ಸಾಕು.

2. ಅಪಾಚೆ, ಮರಿಯಾಡಿಬಿ, ಪಿಎಚ್‌ಪಿಗಳನ್ನು ಲಿನಕ್ಸ್‌ನ ಅಧಿಕೃತ ಭಂಡಾರದಿಂದಲೇ ಹಾಕಿಕೊಳ್ಳಬೇಕು. ಪಿಎಚ್‌ಪಿಯ ಜೊತೆಗೆ ‘ಎಂಬಿಸ್ಟ್ರಿಂಗ್’ ಮತ್ತು ‘ಇಂಟ್ಲ್’ ವಿಸ್ತರಣೆಗಳು ಕನ್ನಡ ತಾಣಕ್ಕೆ ಅಗತ್ಯವೆಂದೇ ಭಾವಿಸಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎಂಬಿಸ್ಟ್ರಿಂಗ್ ಬಳಸದೆ ಪಠ್ಯವನ್ನು ತುಂಡರಿಸುವ ತಂತ್ರಾಂಶ ಮೂರು ಬೈಟ್‌ಗಳ ನಡುವೆಯೇ ಕತ್ತರಿ ಹಾಕಿ, ಶೀರ್ಷಿಕೆಯ ಕೊನೆಯಲ್ಲಿ ಚೌಕ ಚಿಹ್ನೆಯನ್ನು ಉಳಿಸುವುದುಂಟು.

3. ಮರಿಯಾಡಿಬಿಯಲ್ಲಿ ತಾಣಕ್ಕೆಂದೇ ಪ್ರತ್ಯೇಕ ದತ್ತಸಂಚಯ ಹಾಗೂ ಪ್ರತ್ಯೇಕ ಬಳಕೆದಾರರನ್ನು ಸೃಷ್ಟಿಸಬೇಕು. ಆ ಬಳಕೆದಾರರ ಅಧಿಕಾರ ಆ ಒಂದು ದತ್ತಸಂಚಯಕ್ಕಷ್ಟೇ ಸೀಮಿತವಾಗಿರಲಿ. ಅಕ್ಷರ ಸಂಕೇತವನ್ನು ‘ಯುಟಿಎಫ್8ಎಂಬಿ4’ ಎಂದು ಇದೇ ಹಂತದಲ್ಲಿ ನಿಗದಿ ಮಾಡಬೇಕು.

4. ಸಿಎಂಎಸ್ ಅನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಮೊಹರಿನ ಮೊತ್ತ ತಾಳೆ ನೋಡಿ, ವೆಬ್ ಕಡತಕೋಶದಲ್ಲಿ ಬಿಡಿಸಬೇಕು. ಕೋಶಗಳಿಗೆ 755, ಕಡತಗಳಿಗೆ 644 ಅನುಮತಿ ಸಾಕು. ಗುಪ್ತಪದವಿರುವ ಸಂರಚನಾ ಕಡತಕ್ಕೆ ಇನ್ನೂ ಬಿಗಿಯಾದ 640 ಇರಲಿ. ‘ಕೆಲಸ ಆಗುತ್ತಿಲ್ಲ’ವೆಂದು 777 ಕೊಡುವುದು ಮನೆಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದಂತೆ.

5. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತ ಸುರಕ್ಷತಾ ಪ್ರಮಾಣಪತ್ರ ಪಡೆಯಬಹುದು. ಇದರ ಅವಧಿ 90 ದಿನಗಳನ್ನು ಮೀರದ ಕಾರಣ ತಾನೇ ನವೀಕರಣವಾಗುವ ವ್ಯವಸ್ಥೆಯನ್ನು ಅದೇ ದಿನ ಮಾಡಿ, ಪರೀಕ್ಷಿಸಿ ನೋಡಬೇಕು.

6. ಬ್ರೌಸರ್‌ನಲ್ಲಿ ತಾಣದ ವಿಳಾಸ ತೆರೆದರೆ ಸ್ಥಾಪನಾ ಪುಟ ಕಾಣಿಸುತ್ತದೆ. ದತ್ತಸಂಚಯದ ವಿವರ, ತಾಣದ ಹೆಸರು, ಭಾಷೆ, ನಿರ್ವಾಹಕ ಖಾತೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ನಿರ್ವಾಹಕರ ಹೆಸರು ‘ಅಡ್ಮಿನ್’ ಎಂದಿರಬಾರದು.

ಕನ್ನಡದ ತೊಡಕು: ಒಂದು ಹೆಸರಿನ ಕಥೆ

ತಂತ್ರಾಂಶ ಸ್ಥಾಪನೆ ಎಲ್ಲ ಭಾಷೆಗಳಿಗೂ ಒಂದೇ. ಕನ್ನಡದ ನಿಜವಾದ ತೊಡಕು ಆರಂಭವಾಗುವುದು ಪಠ್ಯ ಏರಿಸುವಾಗ. ‘ಚೀಕಲಪರ್ವಿ’ ಎಂಬ ಒಂದೇ ಹೆಸರು ಅವುಗಳಲ್ಲಿ ಮೂರನ್ನು ತೋರಿಸಬಲ್ಲದು.

ಮೊದಲನೆಯದು ‘ಚೀ’. ಯೂನಿಕೋಡ್‌ನಲ್ಲಿ ದೀರ್ಘ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಹ್ರಸ್ವ ಇಕಾರದ ಚಿಹ್ನೆಗೆ ದೀರ್ಘಚಿಹ್ನೆ ಸೇರಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳ ಲೆಕ್ಕದಲ್ಲಿ ಬೇರೆ. ಪಠ್ಯ ಒಂದು ರೂಪದಲ್ಲಿದ್ದು ಓದುಗರು ಇನ್ನೊಂದು ರೂಪದಲ್ಲಿ ಹುಡುಕಿದರೆ ಫಲಿತಾಂಶ ಬಾರದೆ ಇರಬಹುದು. ಮೀಡಿಯಾವಿಕಿ ಎಲ್ಲ ಪಠ್ಯವನ್ನೂ ಒಂದೇ ರೂಪಕ್ಕೆ ತಂದು ಉಳಿಸುತ್ತದೆ. ಬೇರೆ ತಂತ್ರಾಂಶ ಬಳಸುವವರು ಪಠ್ಯ ಏರಿಸುವ ಮುನ್ನವೇ ಅದನ್ನು ಏಕರೂಪಕ್ಕೆ ತರುವುದು ಒಳಿತು; ‘ಇಂಟ್ಲ್’ ವಿಸ್ತರಣೆಯ ಉಪಯೋಗ ಇಲ್ಲಿಯೇ.

ಎರಡನೆಯದು ‘ಪರ್ವಿ’. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಉಳಿಯುತ್ತಿದ್ದವು: ಮೊದಲು ‘ವಿ’, ಅನಂತರ ಅರ್ಕಾವೊತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ: ಮೊದಲು ‘ರ್’, ಆಮೇಲೆ ‘ವಿ’. ಪರಿವರ್ತನಾ ತಂತ್ರಾಂಶ ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ ಊರಿನ ಹೆಸರೇ ಕೆಡುತ್ತದೆ. ಹಾಡಿನಲ್ಲಿ ಒಂದು ಮಾತ್ರೆ ತಪ್ಪಿದರೆ ತಾಳ ತಪ್ಪುತ್ತದೆ, ಒಮ್ಮೊಮ್ಮೆ ಅರ್ಥವೇ ತಲೆಕೆಳಗಾಗುತ್ತದೆ. ಆದ್ದರಿಂದ ಪರಿವರ್ತಿತ ಪಠ್ಯವನ್ನು ಮುದ್ರಿತ ಪ್ರತಿಯೊಂದಿಗೆ ಸಾಲು ಸಾಲಾಗಿ ತಾಳೆ ನೋಡದೆ ಪ್ರಕಟಿಸಬಾರದು.

ಮೂರನೆಯದು ಪುಟದ ವಿಳಾಸ. ‘ಚೀಕಲಪರ್ವಿ’ಯಲ್ಲಿ ಒಂಬತ್ತು ಸಂಕೇತಗಳಿವೆ, ಯುಟಿಎಫ್-8ರಲ್ಲಿ 27 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರವಾಗಿ ಹಿಗ್ಗುವುದರಿಂದ ಒಟ್ಟು 81 ಅಕ್ಷರ. ವರ್ಡ್‌ಪ್ರೆಸ್‌ನಲ್ಲಿ ವಿಳಾಸದ ಈ ಭಾಗಕ್ಕೆ ಇರುವ ಸ್ಥಳ 200 ಅಕ್ಷರ. ಅಂದರೆ ಕನ್ನಡದ ಸುಮಾರು 22 ಸಂಕೇತಗಳಾಚೆಗೆ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಒಂದೇ ಪಲ್ಲವಿಯಿಂದ ಆರಂಭವಾಗುವ ಹಾಡುಗಳಿದ್ದಾಗ ವಿಳಾಸಗಳು ಒಂದರಂತೆ ಇನ್ನೊಂದು ಕಂಡು ಗೊಂದಲವಾಗುತ್ತದೆ. ಚಿಕ್ಕ ವಿಳಾಸವನ್ನೋ ಕ್ರಮಸಂಖ್ಯೆಯನ್ನೋ ಕೈಯಾರೆ ಕೊಡುವುದು ಇದಕ್ಕೆ ಪರಿಹಾರ.

ಮೂರು ಬೈಟ್ ಸಾಕೇ?

ಮೈಎಸ್‌ಕ್ಯುಎಲ್‌ನ ಹಳೆಯ ‘ಯುಟಿಎಫ್8’ ಮೂರು ಬೈಟ್‌ಗಳಿಗೆ ಸೀಮಿತ. ಕನ್ನಡಕ್ಕೆ ಇದು ಸಾಲುತ್ತದೆ ಎಂದು ಸುಮ್ಮನಿರುವಂತಿಲ್ಲ. ಮಾಧ್ವ ಪರಂಪರೆಯ ಅನೇಕ ಹಸ್ತಪ್ರತಿಗಳ ಲಿಪಿಯಾದ ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡ್ ಸೇರಿದವು. ಇವೆರಡರ ಸಂಕೇತಗಳಿಗೂ ನಾಲ್ಕು ಬೈಟ್ ಬೇಕು. ಮುಂದೊಂದು ದಿನ ಮೂಲ ಹಸ್ತಪ್ರತಿಯ ಪಾಠವನ್ನು ಕನ್ನಡದ ಪಕ್ಕದಲ್ಲಿರಿಸುವ ಉದ್ದೇಶವಿದ್ದರೆ ‘ಯುಟಿಎಫ್8ಎಂಬಿ4’ ಇಲ್ಲದೆ ಗತ್ಯಂತರವಿಲ್ಲ. ವರ್ಡ್‌ಪ್ರೆಸ್ 2015ರ 4.2ನೇ ಆವೃತ್ತಿಯಿಂದ ಇದನ್ನು ಬಳಸುತ್ತಿದೆ.

ಸಂಕೇತ ತಪ್ಪಿದಾಗ ಎರಡು ಬಗೆಯ ಕೆಡುಕು ಸಂಭವಿಸುತ್ತದೆ. ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ ಹಾಗೂ ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ ಕಂಡರೆ ಮೂಲ ಬೈಟ್‌ಗಳು ಬಹುತೇಕ ಉಳಿದಿವೆ ಎಂದರ್ಥ. ತಜ್ಞರು ಅದನ್ನು ಮರಳಿ ಪಡೆಯಬಲ್ಲರು. ದತ್ತಸಂಚಯದಲ್ಲಿಯೇ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಪಠ್ಯ ಅಳಿಸಿಹೋಗಿದೆ. ಹಳೆಯ ಪ್ರತಿಯಿಂದಲ್ಲದೆ ಬೇರೆ ದಾರಿಯಿಲ್ಲ.

ಪ್ರತಿ ತೆಗೆದಿಡುವುದು

ಸಿಎಂಎಸ್ ತಾಣದ ಪ್ರತಿ ಎಂದರೆ ಎರಡು ಭಾಗ: ದತ್ತಸಂಚಯದ ಪ್ರತಿ, ಏರಿಸಿದ ಚಿತ್ರ ಮತ್ತು ಧ್ವನಿಕಡತಗಳ ಪ್ರತಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನ ಅರ್ಧ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ಅನುಭವಿಗಳ ಸೂತ್ರ. ತೆಗೆದ ಪ್ರತಿಯನ್ನು ಆಗಾಗ ಬೇರೊಂದು ಯಂತ್ರದಲ್ಲಿ ತೆರೆದು ಕನ್ನಡ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಬೇಕು.

ತಂತ್ರಾಂಶ, ವಿನ್ಯಾಸ, ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ಬಳಸದ ಪ್ಲಗಿನ್‌ಗಳನ್ನು ತೆಗೆದುಹಾಕಬೇಕು. ಹಣ ಕೊಟ್ಟು ಕೊಳ್ಳಬೇಕಾದ ವಿನ್ಯಾಸಗಳ ಕದ್ದ ಪ್ರತಿಗಳಲ್ಲಿ ಕುತಂತ್ರಾಂಶ ಅಡಗಿರುವುದು ಸಾಮಾನ್ಯ.

ಹೊಣೆ ಯಾರದು?

ದಾಸರ ಮೂಲ ಕೃತಿಗಳಿಗೆ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ. ಆದರೆ ಆಧುನಿಕ ಸಂಪಾದಕರ ಪ್ರಸ್ತಾವನೆ, ಅರ್ಥವಿವರಣೆ, ಟಿಪ್ಪಣಿಗಳಿಗೆ 1957ರ ಕಾಯ್ದೆಯ ರಕ್ಷಣೆಯುಂಟು. ಕರ್ತೃವಿನ ಮರಣಾನಂತರ 60 ವರ್ಷ ಅದು ಜಾರಿಯಲ್ಲಿರುತ್ತದೆ. ಅವುಗಳನ್ನು ಅನುಮತಿಯಿಲ್ಲದೆ ಏರಿಸುವಂತಿಲ್ಲ.

ಆರಾಧನೆಯ ದಿನ ಇಂಥ ತಾಣಕ್ಕೆ ಭೇಟಿ ಹೆಚ್ಚುವುದು ಸಹಜ. ವಿಜಯದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿಯಂದು ನಡೆಯುತ್ತದೆ. ಚಾಂದ್ರಮಾನದ ತಿಥಿಯಾದ್ದರಿಂದ ಇಂಗ್ಲಿಷ್ ದಿನಾಂಕ ವರ್ಷವರ್ಷವೂ ಬದಲಾಗುತ್ತದೆ. ತಾಣದ ಕ್ಯಾಲೆಂಡರಿನಲ್ಲಿ ಒಮ್ಮೆ ದಿನಾಂಕ ನಮೂದಿಸಿ ‘ಪ್ರತಿ ವರ್ಷ’ ಎಂದು ಗುರುತಿಸಿದರೆ ಮರುವರ್ಷವೇ ತಪ್ಪುತ್ತದೆ. ಪಂಚಾಂಗ ನೋಡಿ ವರ್ಷಕ್ಕೊಮ್ಮೆ ತಿದ್ದುವ ಒಬ್ಬರು ಬೇಕೇ ಬೇಕು.

ಕನ್ನಡದ ತಾಣಗಳು ನಿಲ್ಲುವುದಕ್ಕೆ ತಂತ್ರಾಂಶದ ದೋಷವೊಂದೇ ಕಾರಣವಾಗಬೇಕಿಲ್ಲ. ಡೊಮೈನ್ ಹೆಸರಿನ ನವೀಕರಣ ಮರೆತರೆ, ಗುಪ್ತಪದ ತಿಳಿದಿದ್ದ ಒಬ್ಬರೇ ವ್ಯಕ್ತಿ ದೂರವಾದರೆ ಸುಸ್ಥಿತಿಯಲ್ಲಿರುವ ಸರ್ವರ್ ಕೂಡ ನಿಷ್ಪ್ರಯೋಜಕ. ಡೊಮೈನ್ ನೋಂದಣಿ ಸಂಸ್ಥೆಯ ಹೆಸರಿನಲ್ಲಿರಲಿ. ಪ್ರವೇಶದ ವಿವರ ಕನಿಷ್ಠ ಇಬ್ಬರ ಬಳಿಯಿರಲಿ. ನವೀಕರಣದ ದಿನಾಂಕ ಲೆಕ್ಕಪುಸ್ತಕದಲ್ಲಿ ಬರೆದಿರಲಿ. ಸ್ಥಾಪನೆಗೆ ಒಂದು ದಿನ ಸಾಕು. ಪಠ್ಯವನ್ನು ಮುಂದಿನ ತಲೆಮಾರಿಗೆ ಮುಟ್ಟಿಸುವುದು ಆ ದಿನದ ನಂತರ ವರ್ಷಾನುಗಟ್ಟಲೆ ನಡೆಯಬೇಕಾದ ಈ ಮೇಲ್ವಿಚಾರಣೆಯೇ.