ಪ್ಯಾನೆಲ್ ಬಂತು, ಕೆಲಸ ಯಾರಿಗೆ ಸಿಕ್ತು?

ನಮ್ಮೂರ ಹಿಸ್ಟರಿ: ಬಲಸಮುದ್ರ ☀️

1/4
ಫ್ರೆಂಡ್ಸ್, ಪಾವಗಡ ಸೋಲಾರ್ ಪಾರ್ಕನ್ನ ಎಲ್ರೂ ರೀಲ್ಸಲ್ಲಿ ನೋಡಿರ್ತೀರ. ಈಗ ನೀಲಿಯಾಗಿ ಹೊಳೆಯೋ ಆ ಜಾಗ ನಮ್ಮಪ್ಪಂದಿರ ಕಾಲದಲ್ಲಿ ಕಡ್ಲೆಕಾಯಿ ಹೊಲ. ಮಳೆ ನಂಬಿದ ಬೇಸಾಯ, ಮೇಲಿಂದ ಮೇಲೆ ಬರ. ಹುಡುಗರು ಬೆಂಗಳೂರು ಬಸ್ ಹತ್ತೋದು ಮಾಮೂಲಿ.

2/4
2015ರಲ್ಲಿ ಪಾರ್ಕಿಗೆ ಅಂತಲೇ ಕೇಂದ್ರ, ರಾಜ್ಯ ಸೇರಿ ಒಂದು ಕಂಪನಿ ಮಾಡಿದ್ವು. ಬಲಸಮುದ್ರ, ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು: ಐದು ಊರು, ಸುಮಾರು 13,000 ಎಕರೆ. ಜಮೀನು ಕೊಂಡ್ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. 2018ರ ಮಾರ್ಚ್ 1ಕ್ಕೆ ಉದ್ಘಾಟನೆ. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ.
ಬಿಕಾಂ ಬುದ್ಧಿ, ಲೆಕ್ಕ ಹಾಕಿದೆ: ಐದು ಎಕರೆ ಇದ್ದೋರಿಗೆ ತಿಂಗಳಿಗೆ 8,750 ರೂ. ಜಮೀನೇ ಇಲ್ಲದೋರಿಗೆ? ಸೊನ್ನೆ.

3/4
ಪಾರ್ಕ್ ಕಟ್ಟೋವಾಗ ಕೂಲಿ ಸಿಕ್ತು. ಕಟ್ಟಿ ಮುಗಿದ್ಮೇಲೆ ಬಿಸಿಲೇ ದುಡಿಯುತ್ತೆ, ಜಾಸ್ತಿ ಜನ ಬೇಕಾಗಲ್ಲ. ಉಳಿದಿದ್ದು ಎರಡು ಥರದ ಕೆಲಸ. ಸೆಕ್ಯೂರಿಟಿ, ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು ಒಂದು. ಇನ್ವರ್ಟರ್, ಕೇಬಲ್, ಕಂಟ್ರೋಲ್ ರೂಮ್ ಇನ್ನೊಂದು. ಅದಕ್ಕೆ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಬೇಕು. ಬೇರೆಯವ್ರ ಹೊಲದಲ್ಲಿ ಕಳೆ ಕಿತ್ತು ಬದುಕ್ತಿದ್ದೋರಿಗೆ ಹೊಲದ ಕೂಲಿನೂ ಹೋಯ್ತು, ಗುತ್ತಿಗೆ ದುಡ್ಡೂ ಇಲ್ಲ.

4/4
ನಮ್ಮೋರು ಸೋಮಾರಿಗಳು ಅನ್ನೋದು ಸುಳ್ಳು ಕಣ್ರೋ. ಒಂದು ಗಿಡ ಕಿತ್ತು ನೋಡಿ ಈ ಸಲ ಎಷ್ಟು ಮೂಟೆ ಅಂತ ಹೇಳೋ ವಿದ್ಯೆ ನಮ್ಮಪ್ಪನಿಗಿದೆ. ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಅಷ್ಟೇ. ಕೆಲಸ ಬದಲಾದಾಗ ಯಾವ ವಿದ್ಯೆಗೆ ಬೆಲೆ ಅನ್ನೋದೂ ಬದಲಾಗುತ್ತೆ. ಬರೀ ಛಲ ಸಾಕಾಗಲ್ಲ.
2015ರಲ್ಲೇ ಕೇಂದ್ರ ಸರ್ಕಾರ ‘ಸೂರ್ಯಮಿತ್ರ’ ಅಂತ 600 ಗಂಟೆ ಫ್ರೀ ಟ್ರೇನಿಂಗ್ ಶುರು ಮಾಡ್ತು. ಆದ್ರೆ ಅದಕ್ಕೂ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಕೇಳಿದ್ರು. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟೋನಿಗೆ ಆ ಬಾಗಿಲೂ ಇಲ್ಲ.
ನನಗೂ ಇನ್ವರ್ಟರ್ ಮುಟ್ಟೋಕೆ ಬರಲ್ಲ. ಆದ್ರೆ ಗುತ್ತಿಗೆ ಪತ್ರ ಓದೋಕೆ, ಶೇ. 5 ಸರಿಯಾಗಿ ಏರಿದ್ಯಾ ಅಂತ ನೋಡೋಕೆ ಬರುತ್ತೆ. ಊರಲ್ಲಿ ಯಾರಿಗೆ ಬೇಕೋ ಕರೀರಿ, ಬರ್ತೀನಿ. ಗುತ್ತಿಗೆ ಮುಗಿಯೋ ಹೊತ್ತಿಗೆ ನಮಗೆಲ್ಲ ನಲವತ್ತರ ಹತ್ತಿರ. ಈ ವರ್ಷ ಮನೇಲಿ ತಮ್ಮನೋ ತಂಗಿನೋ ಎಸ್ಸೆಸ್ಸೆಲ್ಸಿ ಮುಗಿಸಿದ್ರೆ ‘ಯಾವ್ದೋ ಒಂದಕ್ಕೆ ಸೇರ್ಕೋ’ ಅನ್ಬೇಡಿ. ಎಲೆಕ್ಟ್ರಿಷಿಯನ್ ಟ್ರೇಡ್ ಇದೆ ಅಂತ ಹೇಳಿ. ಕೆಲಸ ಊರ ಪಕ್ಕದಲ್ಲೇ ಇದೆ.

#ಬಲಸಮುದ್ರ #ಪಾವಗಡ #ನಮ್ಮೂರಹಿಸ್ಟರಿ