ನೋಡೋ ಕಣ್ಣು, ಹೊಡಿಯೋ ಕಣ್ಣು

ಮಾನ್ವಿಯಿಂದ ಒಬ್ಬರು ಫೋನ್ ಮಾಡಿದ್ದರು. "ಸರ, ಬ್ಯಾಟಿಗೆ ಯಾವ ದುರ್ಬೀನು ಛಲೋ ಐತ್ರಿ? ಹತ್ತು ಪಟ್ಟಿಂದೋ, ಎಂಟು ಪಟ್ಟಿಂದೋ?"

ನಾನು ಗಾಬರಿಯಾದೆ. ಅಲ್ಲ ಸ್ವಾಮಿ, ಈ ದೇಶದಲ್ಲಿ 1972ರಲ್ಲೇ ಬೇಟೆಯ ಬಾಗಿಲು ಹಾಕಿದೆ, ಜೈಲಿಗೆ ಹೋಗ್ತೀರಾ ಅಂದೆ. ಅವರು ನಕ್ಕರು. "ಹೊಡ್ಯಾಕಲ್ರಿ ಸರ, ನೋಡಾಕ. ತೊಗರಿ ಮೊಳಕಿ ಬಂದ್ರ ಸಾಕು, ಚಿಗರಿ ಹಿಂಡು ಬಂದು ಮೇದು ಹೋಗ್ತಾವ. ಎಷ್ಟದಾವ, ಎತ್ತಲಿಂದ ಬರ್ತಾವ ನೋಡಬೇಕ್ರಿ. ತಂಗಿ ಮಗ ಅಮೆರಿಕದಾಗ ಅದಾನ. ಅಲ್ಲಿ ದೊಡ್ಡ ದುರ್ಬೀನೆಲ್ಲ ಬ್ಯಾಟಿ ಸಾಮಾನಿನ ಕಪಾಟಿನಾಗಾ ಇರ್ತಾವಂತ."

ಫೋನ್ ಇಟ್ಟ ಮೇಲೂ ಆ ಮಾತು ತಲೆಯಲ್ಲೇ ಉಳಿಯಿತು. ನೋಡುವ ಸಾಮಾನು ಕೊಲ್ಲುವ ಸಾಮಾನಿನ ಕಪಾಟಿಗೆ ಹೋಗಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ರಾಯಚೂರು ಕೋಟೆಯ ಹತ್ತಿರ ನಿಂತರೆ ಸಾಕು.

1520ನೇ ಇಸವಿ. ಕೋಟೆಯೊಳಗೆ ಇಸ್ಮಾಯಿಲ್ ಆದಿಲ್ ಶಾಹನ ದಂಡು, ಹೊರಗೆ ಕೃಷ್ಣದೇವರಾಯನ ಸೈನ್ಯ. ರಾಯನ ಕಡೆಗೆ ಕ್ರಿಸ್ತೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸನೊಬ್ಬ ತನ್ನ ಬಂದೂಕಿನವರ ಜೊತೆ ಬಂದಿದ್ದ. ಗೋಡೆಯ ಮೇಲೆ ಯಾರ ತಲೆ ಕಂಡರೂ ಗುಂಡು. ಈ ಪೋರ್ಚುಗೀಸರು ಎಲ್ಲಿದ್ದಾರೆ ಅಂತ ನೋಡಲು ಕೋಟೆಯ ಅಧಿಕಾರಿ ಸ್ವತಃ ಗೋಡೆಯಿಂದ ಇಣುಕಿದ. ಗುಂಡು ಅವನ ಹಣೆಗೇ ಬಿತ್ತು. ಕೋಟೆ ಶರಣಾಯಿತು. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್.

ಇಣುಕಿ ನೋಡಿದ್ದಕ್ಕೆ ಜೀವ ಹೋಯಿತು! ದೂರದರ್ಶಕದ ಸುದ್ದಿ ಜಗತ್ತಿಗೆ ಗೊತ್ತಾಗಿದ್ದು 1608ರಲ್ಲಿ, ಹಾಲೆಂಡ್‌ನಲ್ಲಿ. ಅಂದರೆ ಆ ಅಧಿಕಾರಿ 88 ವರ್ಷ ಮೊದಲೇ ಸತ್ತ. ದೂರ ನಿಂತು, ತನ್ನ ಮೈ ತೋರಿಸದೆ ಎದುರಾಳಿಯನ್ನು ನೋಡುವುದು ದಂಡಿನವನ ಆಸೆ. ಬೇಟೆಗಾರನ ಆಸೆಯೂ ಅದೇ. ಒಳ್ಳೆ ದುರ್ಬೀನಿಗೆ ದುಡ್ಡು ಸುರಿದವರಲ್ಲಿ ಈ ಇಬ್ಬರೂ ಇದ್ದರು.

ಇಟಲಿಯ ಪೊರ್ರೊ 1854ರಲ್ಲಿ ಪಟ್ಟಕಗಳಿಂದ ಬಿಂಬವನ್ನು ನೆಟ್ಟಗೆ ಮಾಡುವ ಪೇಟೆಂಟ್ ಪಡೆದ. ಅದನ್ನೇ ಎರಡು ಕಣ್ಣಿಗೂ ಒಪ್ಪುವಂತೆ ಕಟ್ಟಿ 1894ರಲ್ಲಿ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಝೈಸ್. ಲೈಕಾದವರ ಹಳೆಯ ಮನೆ ಲೈಟ್ಸ್ 1907ರಲ್ಲಿ ಇಳಿಯಿತು. ಆಸ್ಟ್ರಿಯಾದ ಸ್ವರೋವ್‌ಸ್ಕಿ ದುರ್ಬೀನು 1949ರಲ್ಲಿ ಬಂತು. ಇವತ್ತಿಗೂ ದುಬಾರಿ ಅಂದರೆ ಈ ಮೂರೇ ಹೆಸರು. ಮೇಲ್ದರ್ಜೆಯದು ಬೇಕೆಂದರೆ ಎರಡು ಲಕ್ಷ ರೂಪಾಯಿ ದಾಟುತ್ತದೆ.

ಹಾಗಾದರೆ ಯಾವುದು ಛಲೋ? ಲೆಕ್ಕ ಬಹಳ ಸರಳ. 8×42 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತೆ, ಮುಂದಿನ ಗಾಜಿನ ಅಗಲ 42 ಮಿ.ಮೀ. ಈ 42ನ್ನು 8ರಿಂದ ಭಾಗಿಸಿ: 5.25. ನಿಮ್ಮ ಕಣ್ಣಿಗೆ ಬೀಳುವ ಬೆಳಕಿನ ಕಂಬದ ಅಗಲ ಇಷ್ಟು ಮಿ.ಮೀ. 10×42ರಲ್ಲಿ ಇದು 4.2ಕ್ಕೆ ಇಳಿಯುತ್ತೆ. 8×56ರಲ್ಲಿ 7ಕ್ಕೆ ಏರುತ್ತೆ. ಜರ್ಮನಿಯ ಬೇಟೆಗಾರರು 8×56 ಹಿಡಿಯೋದು ಇದಕ್ಕೇ. ಅವರು ಮುಸ್ಸಂಜೆಯಲ್ಲಿ, ಬೆಳದಿಂಗಳಲ್ಲಿ ಅಟ್ಟಣಿಗೆ ಮೇಲೆ ಕೂತು ಕಾಡುಹಂದಿ ಕಾಯುತ್ತಾರೆ. ಹರೆಯದವರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿ.ಮೀ.ವರೆಗೆ ಅರಳುತ್ತೆ, ಬೆಳಕೆಲ್ಲ ಒಳಗೆ ಹೋಗುತ್ತೆ. ನಮ್ಮಂಥ ವಯಸ್ಸಾದವರ ಪಾಪೆ ಅಷ್ಟು ಅರಳೋದಿಲ್ಲ. ಒಂದು ಕಿಲೋಗಿಂತ ಭಾರದ ಗಾಜು ಕೊರಳಿಗೆ ಜೋತುಬಿದ್ದಿದ್ದೇ ಬಂತು.

ಹತ್ತು ಪಟ್ಟಿಂದು? ಕೈ ನಡುಗಿದರೆ ಆ ನಡುಕವೂ ಹತ್ತು ಪಟ್ಟು. ಇನ್ನು ರಾಯಚೂರು ಬಿಸಿಲು! ಎರೆಹೊಲ ಕಾದ ಮೇಲೆ ಏಳುವ ಬಿಸಿಲುಗುದುರೆಯನ್ನೂ ಅದು ಹತ್ತು ಪಟ್ಟು ಮಾಡಿ ತೋರಿಸುತ್ತೆ. ಮಟಮಟ ಮಧ್ಯಾಹ್ನ ಎರಡು ಲಕ್ಷದ ಗಾಜೂ ಸೋಲುತ್ತೆ, ಐದು ಸಾವಿರದ ಗಾಜೂ ಸೋಲುತ್ತೆ.

ಈ ನೆಲದಲ್ಲಿ ಗಾಜಿಲ್ಲದೆಯೇ ದೂರ ನೋಡುವವರಿದ್ದರು. ದೇವದುರ್ಗವನ್ನು ಬೇಡ ನಾಯಕರು ಆಳಿದ್ದರು. ಕೃಷ್ಣೆಯ ಆಚೆ ಸುರಪುರವೂ ಅವರದೇ. ಹೆಸರೇ ಬೇಡರು, ಬೇಟೆಯೇ ವಿದ್ಯೆ. ಮುಂದೇನಾಯ್ತು? 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಆಜ್ಞೆ ಹೊರಡಿಸಿತು. ಮುಧೋಳದ ಹತ್ತಿರದ ಹಲಗಲಿಯಲ್ಲಿ ಬೇಡರು ಒಪ್ಪಲಿಲ್ಲ, ಊರೇ ಸುಟ್ಟುಹೋಯಿತು. 1858ರ ಫೆಬ್ರವರಿಯಲ್ಲಿ ಸುರಪುರವೂ ಬಿತ್ತು. ಆಮೇಲೆ ಕೋವಿ ಸಾಹೇಬನ ಹೆಗಲಿಗೆ, ದುರ್ಬೀನು ಸಾಹೇಬನ ಕೊರಳಿಗೆ. ಹೆಜ್ಜೆ ಗುರುತು ಹಿಡಿದು ಮುಂದೆ ನಡೆಯುವ ಕಣ್ಣು ಮಾತ್ರ ಹಳ್ಳಿಯವನದು. ಫೋಟೋದಲ್ಲಿ ಸತ್ತ ಪ್ರಾಣಿಯ ಮೇಲೆ ಕಾಲಿಟ್ಟು ನಿಂತವನು ಸಾಹೇಬ. ಅದನ್ನು ಮೊದಲು ಕಂಡವನ ಹೆಸರು ಎಲ್ಲೂ ಇಲ್ಲ.

ಈ ಶೋಕಿಯ ಬಿಲ್ಲು ಎಷ್ಟಾಯಿತು? ನಮ್ಮ ದಖ್ಖನ್ ಬಯಲಿನ ದೊಡ್ಡ ಹಕ್ಕಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅದನ್ನೇ ನೋಡಿ. ಗಂಡು ಹಕ್ಕಿ ಒಂದು ಮೀಟರ್ ಎತ್ತರ. ಅಹ್ಮದ್‌ನಗರ ಜಿಲ್ಲೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಆಂಗ್ಲ 1809ರಿಂದ 1829ರೊಳಗೆ ಹೊಡೆದದ್ದು 961! ಇವತ್ತು ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 150. ತುಂಗಭದ್ರೆಯ ಆಚೆ ದಂಡೆ, ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು.

1931-32ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿ ಕೂಡ ಕೋವಿ ಹಿಡಿದೇ ಹೊರಟವರು. ಮಾದರಿ ಸಂಗ್ರಹಕ್ಕೆ ಆಗ ಅದೇ ಕ್ರಮ. ರಾಯಚೂರು ಆಗ ಆ ಸಂಸ್ಥಾನದಲ್ಲೇ ಇತ್ತು. ಆದರೆ ಮುಂದೆ ಇದೇ ಬಸ್ಟರ್ಡ್ ರಾಷ್ಟ್ರಪಕ್ಷಿ ಆಗಲಿ ಅಂತ ವಾದಿಸಿದವರೂ ಅವರೇ. 1963ರಲ್ಲಿ ನವಿಲು ಗೆದ್ದಿತು. ಕೋವಿ ಹಿಡಿದ ಕೈ ಬದಲಾಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನೊಂದು ಸಂಕಟ ಕೇಳಿ. ಬಸ್ಟರ್ಡ್‌ನ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಸುತ್ತ ಕಾಣುತ್ತೆ, ನೇರ ಮುಂದೆ ಸರಿಯಾಗಿ ಕಾಣೋದಿಲ್ಲ. ಅದಕ್ಕೇ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತೆ. ಕೋವಿ ನಿಂತಿತು, ತಂತಿ ಬಂತು. ಹುಲ್ಲುಬಯಲು ಹೋಯಿತು, ಕಾಲುವೆ ಬಂತು, ಭತ್ತ ಬಂತು. ನಾನು ಕಾಲುವೆ ವಿರೋಧಿ ಅಲ್ಲ. ಆ ನೀರಿಗಾಗಿ ಈ ಜಿಲ್ಲೆಯವರು ಕಾದದ್ದು ನನಗೆ ಗೊತ್ತು. ಆದರೆ ಚಿಗರಿ ರೈತನ ತೊಗರಿಗೆ ಯಾಕೆ ಬಂತು? ಅದರ ಹುಲ್ಲು ಎಲ್ಲಿದೆ ಸ್ವಾಮಿ?

ಮರುದಿನ ಮಾನ್ವಿಯವರಿಗೆ ನಾನೇ ಫೋನ್ ಮಾಡಿದೆ. ಅಣ್ಣಾ, 8×42 ತರಿಸಿ. ಮೂರು ದೊಡ್ಡ ಹೆಸರಲ್ಲಿ ಯಾವುದಾದರೂ ಸರಿ, ನಿಮ್ಮ ಕಣ್ಣಿಗೆ ವ್ಯತ್ಯಾಸ ಸಿಗೋದು ಕಷ್ಟ. ದುಡ್ಡಿಲ್ಲದಿದ್ದರೆ ಅಗ್ಗದ 8×42 ಆದರೂ ನಡೆಯುತ್ತೆ. ಬಿಸಿಲೇರುವ ಮೊದಲು ಹೊಲಕ್ಕೆ ಹೋಗಿ. ಎಷ್ಟು ಚಿಗರಿ, ಯಾವ ದಿನ, ಎಷ್ಟು ಹೊತ್ತಿಗೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಹೋಗುವಾಗ ಅದನ್ನೂ ಒಯ್ಯಿರಿ. ಅಪ್ಪಿತಪ್ಪಿ ಎರೆಭೂತ ಕಂಡರೆ ಹತ್ತಿರ ಹೋಗಬೇಡಿ, ಸುದ್ದಿ ಮುಟ್ಟಿಸಿ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಎರೆಭೂತ ನಮ್ಮಪ್ಪ ನೋಡಿದ್ದನಂತ್ರಿ ಸರ. ನಾ ನೋಡಿಲ್ಲ. ಎಂಟರದ್ದಾ ತರಸ್ತೀನಿ."