ಕಲಿಸುವ ಮೊದಲು ಕಲಿತವರು: ಬೇಗಂ ರೊಕೆಯಾ



ಒಂದು ಶಾಲೆ ತೆರೆಯಲು ಏನೇನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ಜಾಗ, ಕಟ್ಟಡ, ಬೆಂಚು, ಸರಕಾರದ ಅನುಮತಿ ಎಂದು ಪಟ್ಟಿ ಬೆಳೆಯುತ್ತದೆ. ಪಾಠ ಹೇಳುವವರು ಪಾಠ ಹೇಳುವುದನ್ನು ಕಲಿತಿರಬೇಕು ಎಂಬ ಮಾತು ಕೊನೆಗೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ನೂರು ವರ್ಷಗಳಿಗೂ ಹಿಂದೆ ಈ ಮಾತನ್ನು ಅರಿತು ನಡೆದ ಮಹಿಳೆಯೊಬ್ಬರಿದ್ದರು. ಅವರೇ ಬೇಗಂ ರೊಕೆಯಾ ಸಖಾವತ್ ಹುಸೇನ್.

1880ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ರಂಗಪುರ ಪ್ರದೇಶದ ಪೈರಾಬಂದ್ ಎಂಬ ಹಳ್ಳಿಯ ಜಮೀನ್ದಾರ ಮನೆತನದಲ್ಲಿ ಅವರು ಹುಟ್ಟಿದರು. ಅಂದಿನ ಕುಲೀನ ಮುಸ್ಲಿಂ ಮನೆಗಳಲ್ಲಿ ಹೆಣ್ಣುಮಕ್ಕಳು ಕುರ್‌ಆನ್ ಪಾರಾಯಣ ಮತ್ತು ಒಂದಿಷ್ಟು ಉರ್ದು ಕಲಿತರೆ ಸಾಕಿತ್ತು. ಬಂಗಾಳಿ, ಇಂಗ್ಲಿಷ್‌ಗಳಿಗೆ ಅವಕಾಶವಿರಲಿಲ್ಲ. ರೊಕೆಯಾ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಣ್ಣ ಇಬ್ರಾಹಿಂ ಸಾಬಿರ್ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ತಂಗಿಗೆ ಪಾಠ ಹೇಳುತ್ತಿದ್ದರು. ಅಕ್ಕ ಕರೀಮುನ್ನಿಸಾ ಬಂಗಾಳಿ ಕಲಿಕೆಗೆ ಆಸರೆಯಾದರು. ಮುಂದೆ ಪತಿ ಸೈಯದ್ ಸಖಾವತ್ ಹುಸೇನರೂ ಅವರ ಓದು ಬರಹಕ್ಕೆ ಬೆಂಬಲವಾಗಿ ನಿಂತರು. 1905ರಲ್ಲಿ ಮದರಾಸಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವರ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆ ಪ್ರಕಟವಾಯಿತು.

1909ರಲ್ಲಿ ಪತಿ ತೀರಿಕೊಂಡರು. ಅದೇ ವರ್ಷ ರೊಕೆಯಾ ಬಿಹಾರದ ಭಾಗಲ್ಪುರದಲ್ಲಿ ಪತಿಯ ಹೆಸರಿನಲ್ಲಿ ಐವರು ಹುಡುಗಿಯರ ಪುಟ್ಟ ಶಾಲೆ ಆರಂಭಿಸಿದರು. ಆದರೆ ಕುಟುಂಬದ ಆಸ್ತಿಯ ತಕರಾರಿನಿಂದಾಗಿ ಊರನ್ನೇ ಬಿಡಬೇಕಾಯಿತು. 1911ರ ಮಾರ್ಚ್ 16ರಂದು ಕಲ್ಕತ್ತೆಯ ವಲೀವುಲ್ಲಾ ಲೇನಿನ ಮನೆಯೊಂದರಲ್ಲಿ ಎಂಟು ವಿದ್ಯಾರ್ಥಿನಿಯರೊಂದಿಗೆ ಶಾಲೆ ಮತ್ತೆ ಶುರುವಾಯಿತು.

ಈಗ ನಿಜವಾದ ಕಷ್ಟ ಎದುರಾಯಿತು. ಶಾಲೆ ನಡೆಸುವವರೇ ಶಾಲೆಯನ್ನು ಒಳಗಿನಿಂದ ಕಂಡವರಲ್ಲ! ರೊಕೆಯಾ ಇದಕ್ಕೆ ನಾಚಿಕೊಳ್ಳಲಿಲ್ಲ. ನಗರದ ವಿದ್ಯಾವಂತ ಬ್ರಹ್ಮಸಮಾಜದ, ಹಿಂದೂ ಹಾಗೂ ಕ್ರೈಸ್ತ ಮಹಿಳೆಯರ ಪರಿಚಯ ಮಾಡಿಕೊಂಡರು. ಬೆಥೂನ್ ಶಾಲೆಯಂಥ ಸಂಸ್ಥೆಗಳಲ್ಲಿ ತರಗತಿಗಳು ಹೇಗೆ ನಡೆಯುತ್ತವೆ, ಆಡಳಿತ ಹೇಗಿರುತ್ತದೆ ಎಂಬುದನ್ನು ಗಮನಿಸಿ ತಿಳಿದುಕೊಂಡರು. ಮೂವತ್ತು ದಾಟಿದ ಮೇಲೆ ಅವರು ಬೋಧನೆಯ ವಿದ್ಯಾರ್ಥಿನಿಯಾದರು.

ಮಕ್ಕಳನ್ನು ಕರೆತರುವುದೂ ಒಂದು ಪಾಠವೇ ಆಯಿತು. ಮನೆಮನೆಗೆ ಹೋಗಿ ಹೆತ್ತವರನ್ನು ಒಪ್ಪಿಸಬೇಕಿತ್ತು. ಪರ್ದಾದ ಹುಡುಗಿಯರಿಗಾಗಿ ಶಾಲೆಯಿಂದಲೇ ವಾಹನ ಕಳುಹಿಸಬೇಕಿತ್ತು. 1931ರಲ್ಲಿ ಪ್ರಕಟವಾದ ‘ಅವರೋಧ ಬಾಸಿನಿ’ ಪುಸ್ತಕದಲ್ಲಿ ಶಾಲೆಯ ಬಸ್ಸಿನ ಪ್ರಸಂಗವೊಂದಿದೆ. ಬಸ್ಸನ್ನು ಎಲ್ಲ ಕಡೆಯಿಂದಲೂ ಮುಚ್ಚಿದ್ದರಿಂದ ಕತ್ತಲೆ ಮತ್ತು ಸೆಕೆಗೆ ಮಕ್ಕಳು ಕಂಗೆಟ್ಟರು, ಹೆತ್ತವರು ದೂರಿದರು. ಮುಚ್ಚಿದ್ದನ್ನು ತೆಗೆಸಿ ಪರದೆ ಹಾಕಿಸಿದರೆ, ಗಾಳಿಗೆ ಪರದೆ ಹಾರಿ ಪರ್ದಾ ಕೆಡುತ್ತಿದೆ ಎಂದು ಬೇರೆಯವರಿಂದ ಬೆದರಿಕೆಯ ಪತ್ರಗಳು ಬಂದವು. ಇಷ್ಟಾದರೂ ಬಸ್ಸು ನಿಲ್ಲಲಿಲ್ಲ. ಮಗು ಶಾಲೆಗೆ ಬರಲಾಗದಿದ್ದರೆ ದೋಷ ಮಗುವಿನದಲ್ಲ, ದಾರಿಯನ್ನು ಶಾಲೆಯೇ ಹುಡುಕಬೇಕು. ಅವರ ಇಡೀ ಜೀವನ ಹೇಳುವುದು ಇದನ್ನೇ.

ಶಾಲೆಯಲ್ಲಿ ಕುರ್‌ಆನ್ ಮತ್ತು ಅದರ ವ್ಯಾಖ್ಯಾನದ ಜೊತೆಗೆ ಬಂಗಾಳಿ, ಇಂಗ್ಲಿಷ್, ಉರ್ದು, ಪಾರ್ಸಿ, ಪ್ರಥಮ ಚಿಕಿತ್ಸೆ, ಅಡುಗೆ, ಹೊಲಿಗೆ, ವ್ಯಾಯಾಮಗಳನ್ನೂ ಕಲಿಸಲಾಗುತ್ತಿತ್ತು. ಇದನ್ನೆಲ್ಲ ಕಲಿಸಬಲ್ಲ ಅಧ್ಯಾಪಕಿಯರು ಕಲ್ಕತ್ತೆಯಲ್ಲಿ ಸಾಕಷ್ಟು ಸಿಗುತ್ತಿರಲಿಲ್ಲ. ಮದರಾಸು, ಗಯಾ, ಆಗ್ರಾಗಳಿಂದ ತರಬೇತಿ ಪಡೆದ ಶಿಕ್ಷಕಿಯರನ್ನು ಕರೆಸಿದರು. ಆದರೆ ಎಷ್ಟು ದಿನ ಹೀಗೆ ದೂರದಿಂದ ಕರೆಸುವುದು? ಸಮುದಾಯದೊಳಗಿಂದಲೇ ಅಧ್ಯಾಪಕಿಯರು ತಯಾರಾಗಬೇಕೆಂದು ಅವರು ಪಟ್ಟುಹಿಡಿದರು. ಅವರ ಪ್ರಯತ್ನದ ಫಲವಾಗಿ 1919ರಲ್ಲಿ ಸರಕಾರ ಕಲ್ಕತ್ತೆಯಲ್ಲಿ ಮುಸ್ಲಿಂ ಮಹಿಳೆಯರ ಶಿಕ್ಷಕ ತರಬೇತಿ ಶಾಲೆಯನ್ನು ತೆರೆಯಿತು.

ರೊಕೆಯಾ 1932ರ ಡಿಸೆಂಬರ್ 9ರಂದು ನಿಧನರಾದರು. ಅಷ್ಟರಲ್ಲಿ ಎಂಟು ಮಕ್ಕಳ ಆ ಶಾಲೆ ಪ್ರೌಢಶಾಲೆಯಾಗಿ ಬೆಳೆದಿತ್ತು. ಸಖಾವತ್ ಮೆಮೋರಿಯಲ್ ಶಾಲೆ ಇಂದಿಗೂ ಕೋಲ್ಕತ್ತಾದಲ್ಲಿ ಸರಕಾರಿ ಬಾಲಿಕಾ ಶಾಲೆಯಾಗಿ ಉಳಿದಿದೆ.

ಓದುಗರೇ, ಈ ಇತಿಹಾಸ ನಮಗೇಕೆ? ನಮ್ಮ ಸಂಘ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಹೊಸ ಕೊಠಡಿಗಳ ಲೆಕ್ಕವಿರುತ್ತದೆ, ವಿದ್ಯಾರ್ಥಿವೇತನದ ಲೆಕ್ಕವಿರುತ್ತದೆ. ಇವು ಬೇಕು. ಆದರೆ ಎಷ್ಟು ಮಂದಿ ಶಿಕ್ಷಕರನ್ನು ಕಲಿಯಲು ಕಳುಹಿಸಿದೆವು ಎಂಬ ಲೆಕ್ಕ ಎಲ್ಲಿದೆ? ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತನಾಡಿ ತರಗತಿಯಲ್ಲಿ ಕನ್ನಡವನ್ನೋ ಇಂಗ್ಲಿಷನ್ನೋ ಮೊದಲ ಬಾರಿ ಕೇಳುವ ಮಗು, ಮನೆಯಲ್ಲಿ ಅಕ್ಷರ ಬಲ್ಲವರಿಲ್ಲದ ಮಗು, ಕಿವಿ ಮಂದವಾಗಿರುವ ಮಗು, ಇವರಿಗೆಲ್ಲ ಒಂದೇ ತೆರನಾಗಿ ಪಾಠ ಒಪ್ಪಿಸಿದರೆ ಅದು ಸಮಾನತೆಯಾಗದು. ಪ್ರತಿಯೊಬ್ಬರಿಗೂ ಅವರವರ ಅಗತ್ಯ ಅರಿತು ಕಲಿಸುವುದೇ ನ್ಯಾಯ. ಆ ಕೌಶಲ ಒಳ್ಳೆಯ ಮನಸ್ಸಿನಿಂದ ಮಾತ್ರ ಬಾರದು, ಅದನ್ನು ಕಲಿಯಬೇಕಾಗುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಶಿಕ್ಷಕ ವೃತ್ತಿಯನ್ನು ಆರಿಸಿಕೊಳ್ಳಿ. ಬೇರೇನೂ ಸಿಗಲಿಲ್ಲವೆಂದು ಬರಬೇಡಿ, ಬಯಸಿ ಬನ್ನಿ. ಸದಸ್ಯ ಬಂಧುಗಳೇ, ಮುಂದಿನ ವರ್ಷದ ಆಯವ್ಯಯದಲ್ಲಿ ಶಿಕ್ಷಕರ ತರಬೇತಿಗೂ ಒಂದು ಪಾಲು ಮೀಸಲಿಡಿ. ‘ಓದು’ ಎಂಬ ಆದೇಶದೊಂದಿಗೆ ದಿವ್ಯವಾಣಿಯನ್ನು ಪಡೆದ ಸಮುದಾಯ ನಮ್ಮದು. ಆ ಆದೇಶ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅಧ್ಯಾಪಕರಿಗೂ ಅನ್ವಯಿಸುತ್ತದೆ. ಅದರಂತೆ ನಡೆಯಲು ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ.